ಒಗ್ಗರಣೆ ಇಲ್ಲದ ಸಾರು

ಉತ್ತರದ ಗುಡ್ಡಗಾಡಿನಲ್ಲಿ ಪ್ರವಾಸಕ್ಕೆ ಹೋದವರನ್ನು ಗುಂಡಿಟ್ಟು ಕೊಂದ ಸುದ್ದಿ ಟಿವಿಯಲ್ಲಿ ಬಂದಾಗ ನಮ್ಮಜ್ಜಿಯ ಕಿವಿಗೆ ಬಿದ್ದದ್ದು ‘ಬೆಟ್ಟಕ್ಕೆ ಹೋದವರು’ ಎಂಬುದಷ್ಟೇ. ನಮ್ಮ ಅಜ್ಜೀಪುರದಲ್ಲಿ ಬೆಟ್ಟವೆಂದರೆ ಮಾದಪ್ಪನ ಬೆಟ್ಟ, ಇನ್ನೊಂದಿಲ್ಲ. ಎದೆ ಬಡಿದುಕೊಂಡು ಅತ್ತಳು. ಇದು ಇಲ್ಲಿಯದಲ್ಲ, ದೂರದ್ದು ಎಂದು ನಾನು ಬಿಡಿಸಿ ಹೇಳಿದೆ.

“ದೂರ್ದ ಬೆಟ್ಟ ಆದ್ರೇನ್ಲಾ? ಅವ್ರೂ ನಮ್ಮಂಗೇ ಬುತ್ತಿ ಕಟ್ಕಂಡು, ಮಕ್ಳ ಕರ್ಕಂಡು ಓಗಿರ್ತಾರೆ,” ಎಂದವಳೇ ಮನೆಗೆ ಸೂತಕ ಹಾಕಿಬಿಟ್ಟಳು. ಹನ್ನೊಂದು ದಿನ ಒಗ್ಗರಣೆ ಇಲ್ಲ!

ಕೊಳ್ಳೇಗಾಲದಲ್ಲಿ ಅಂಗಡಿ ಮುಚ್ಚಿದರು, ಕಾಲೇಜು ಮಕ್ಕಳು ಮೇಣದಬತ್ತಿ ಹಿಡಿದು ನಡೆದರು. ಮಾರನೆಯ ದಿನ ಅಂಗಡಿಗಳು ತೆರೆದವು, ನಮ್ಮ ಸಾರು ಮಾತ್ರ ಸಪ್ಪೆಯಾಗಿಯೇ ಇತ್ತು. ಸತ್ತವರನ್ನು ನೆನೆದು ನನಗೂ ಸಂಕಟವಾಗಿತ್ತು, ನಿಜ. ಆದರೆ ಸಾಸಿವೆ ಏನು ತಪ್ಪು ಮಾಡಿತ್ತು?

ಅಷ್ಟರಲ್ಲಿ, ಮೊದಲೇ ನಿಗದಿಯಾಗಿದ್ದಂತೆ, ತಂಗಿಯನ್ನು ನೋಡಲು ಯಳಂದೂರಿನಿಂದ ಗಂಡಿನ ಕಡೆಯವರು ಬರುವ ದಿನ ಬಂತು. ಫೋಟೊ ನೋಡಿಯೇ ಹುಡುಗ ಅವಳಿಗೆ ಹಿಡಿಸಿದ್ದ. ಈ ಸಂಬಂಧ ತಪ್ಪಿದರೆ ಅವಳನ್ನು ಸಮಾಧಾನ ಮಾಡುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

“ಇವತ್ತೊಂದಿನ ಒಗ್ಗರ್ಣೆ ಆಕ್ಲಾ, ಅತ್ತೆ?” ಎಂದು ಅವ್ವ ಗೋಗರೆದಳು.

“ಸೂತ್ಕಕ್ಕೂ ರಜಾ ಅದಾ?” ಎಂದಳು ಅಜ್ಜಿ.

ಊಟಕ್ಕೆ ಕೂತ ಹುಡುಗನ ತಾಯಿ ಮೊದಲ ತುತ್ತಿಗೇ ಕೈ ತಡೆದರು. ಒಗ್ಗರಣೆ ಇಲ್ಲದ ಸಾರೆಂದರೆ ನಮ್ಮ ಕಡೆ ಸಾವಿನ ಮನೆಯ ಸಾರು. ಹೆಣ್ಣು ನೋಡಲು ಬಂದವರಿಗೆ ಅದನ್ನು ಯಾರಾದರೂ ಬಡಿಸುತ್ತಾರೆಯೇ?

“ಯಾಕವ್ವಾ, ಮನೇಲಿ ಯಾರಾರ ತೀರೋದ್ರಾ?”

ತಂಗಿಯ ಮುಖ ಬಿಳಿಚಿತು. ನಾನೊಂದು ಸುಳ್ಳು ಹುಡುಕುವಷ್ಟರಲ್ಲಿ ಅಜ್ಜಿ, “ಊ ಕಣವ್ವ. ಬೆಟ್ಟಕ್ಕೋಗಿದ್ದೋರು. ಟಿವೀಲಿ ನೋಡ್ನಿಲ್ವಾ?” ಎಂದುಬಿಟ್ಟಳು.

ಆಕೆ ಅಜ್ಜಿಯನ್ನೇ ನೋಡಿದರು. ಎಡಗೈಯಲ್ಲಿ ಸೆರಗೆಳೆದು ಕಣ್ಣೊರೆಸಿಕೊಂಡರು. “ಅದ ನೋಡಿ ನಂಗೂ ನಿದ್ದೆ ಬರ್ನಿಲ್ಲ ಕಣಜ್ಜಿ. ಯಾರ್ತಾವೂ ಏಳ್ಕಂಡಿರ್ನಿಲ್ಲ.”

ಆಮೇಲೆ ಕೈ ತೊಳೆದು ಎದ್ದರು. ನಮ್ಮ ಜೀವ ಬಾಯಿಗೆ ಬಂತು. ಅವರು ಹೋದದ್ದು ಬಾಗಿಲ ಕಡೆಗಲ್ಲ, ಅಡುಗೆಮನೆಗೆ. “ಸೂತ್ಕದ ಮನೇಲಿ ನೀವ್ಯಾಕೆ ಒಲೆ ಅಚ್ಚಿದ್ರಿ? ಅಡ್ಗೆ, ಒಗ್ಗರ್ಣೆ ಎಲ್ಲಾ ಮಾಡದು ನೆಂಟ್ರಲ್ವಾ? ಸಾಸ್ವೆ ಎಲ್ಲಿಟ್ಟಿದ್ದೀರಿ?”

ಮೆಣಸಿನಕಾಯಿ ಘಾಟಿಗೆ ಎಲ್ಲರೂ ಕೆಮ್ಮಿದೆವು, ಕೆಮ್ಮುತ್ತಲೇ ನಕ್ಕೆವು. ಎಷ್ಟೋ ದಿನದ ಮೇಲೆ ನಮ್ಮ ಮನೆಯಲ್ಲಿ ಅಂಥ ಖುಷಿ. ಅಜ್ಜಿ ನನ್ನ ತೊಡೆ ಚಿವುಟಿದಳು.

“ನೆಂಟ್ರು ಅಂದ್ಲು ಕಣ್ಲಾ! ಕೇಳಿಸ್ತಾ?”

ತಂಗಿಗೆ ನಮ್ಮೆಲ್ಲರಿಗಿಂತ ಮೊದಲೇ ಕೇಳಿಸಿತ್ತು. ಅವಳು ಆಗಲೇ ಅಡುಗೆಮನೆಗೆ ಓಡಿ, ಅತ್ತೆಯ ಕೈಗೆ ಕರಿಬೇವು ಕೊಡುತ್ತಿದ್ದಳು.