ಅಂಟುವಾಳದ ನೊರೆ, ಜಿಂಜರ್ ಬಿಯರಿನ ನೊರೆ

ನಮ್ಮವರ ಎಪ್ಪತ್ತೈದನೆಯ ಬರ್ತ್‌ಡೇಗೆ ನಾನೇ ಜಿಂಜರ್ ಬಿಯರ್ ಮಾಡಿ ಕುಡಿಸುತ್ತೇನೆಂದು ಎಲ್ಲರ ಮುಂದೆ ಹೇಳಿಬಿಟ್ಟಿದ್ದೆ. ಕಾನ್ವೆಂಟಿನಲ್ಲಿ ಫೀಸ್ಟ್ ಡೇ ದಿನ ಸಿಸ್ಟರ್‌ಗಳು ಕೊಡುತ್ತಿದ್ದ, ಮೂಗಿಗೆ ಚುರುಗುಟ್ಟುವ ಆ ಒಂದು ಗ್ಲಾಸು ಇಷ್ಟು ವರ್ಷವಾದರೂ ನಾಲಿಗೆ ಬಿಟ್ಟಿಲ್ಲ. ಗುಂಡ್ಲುಪೇಟೆಯ ಶುಂಠಿ ತಂದು, ಹುಳಿಬರಿಸಿ, ಕೆಗ್ ಎಂಬ ಸ್ಟೀಲ್ ಕ್ಯಾನಿಗೆ ತುಂಬಿ, ಫ್ರಿಜ್ಜಿನಲ್ಲಿಟ್ಟು, ನೊರೆ ಬರಲೆಂದು ಸಣ್ಣ ಸಿಲಿಂಡರಿನಿಂದ ಸೋಡಾ ಗ್ಯಾಸ್ ಕೊಟ್ಟೆ. ಪುಸ್ತಕದಲ್ಲಿ ಹೇಳಿದ ಪ್ರೆಶರನ್ನೇ ಇಟ್ಟಿದ್ದೆ. ಎರಡೇ ದಿನಕ್ಕೆ ಸಿಲಿಂಡರ್ ಖಾಲಿ, ಬಿಯರ್ ಮಾತ್ರ ಸಪ್ಪೆ. ಉಳಿದದ್ದು ಇನ್ನೊಂದೇ ಸಿಲಿಂಡರ್, ಬರ್ತ್‌ಡೇಗೆ ನಾಲ್ಕೇ ದಿನ.

ಅಷ್ಟರಲ್ಲಿ ತೆರಕಣಾಂಬಿಯಿಂದ ನಮ್ಮವರ ಅಕ್ಕ ಬಂದರು. ಒಂದು ಗುಟುಕು ಕುಡಿದು, “ಕಷಾಯ ಚೆನ್ನಾಗದೆ ಕಣಮ್ಮಿ, ಯಾರ್ಗೆ ನೆಗಡಿ?” ಎಂದರು.

ನನಗೆ ಅಳುವೇ ಬಂತು. “ಗ್ಯಾಸ್ ಲೀಕ್ ಆಗ್ತಿದೆ ಅತ್ತಿಗೆ, ಎಲ್ಲಿ ಅಂತಾನೇ ಗೊತ್ತಾಗ್ತಿಲ್ಲ.”

ಅವರು ತಲೆಸ್ನಾನಕ್ಕೆ ನೆನೆಸಿದ್ದ ಅಂಟುವಾಳವನ್ನು ಕಿವುಚಿ ತಂದು, “ಗ್ಯಾಸ್ ಬುಡು” ಎಂದು ನೊರೆಯನ್ನು ಕೆಗ್ಗಿನ ಮುಚ್ಚಳದ ಸುತ್ತ ಸುರಿದರು. ಉಳಿದ ಸಿಲಿಂಡರ್ ಜೋಡಿಸಿ ಗ್ಯಾಸ್ ಬಿಟ್ಟೆ; ಒಂದು ಕಡೆ ಗುಳ್ಳೆ ಉಬ್ಬಿ ಉಬ್ಬಿ ಒಡೆಯಿತು.

“ಅಲ್ಲೇ ಅದೆ ನೋಡು. ಕುಕ್ಕರ್ ರಬ್ಬರ್ ಸಡ್ಲಾದ್ರೆ ತಿರುಗ್ಸಿ ಆಕಲ್ವಾ? ಇದ್ಕೂ ಅಂಗೇ ಮಾಡು. ಕಾನ್ವೆಂಟಲ್ಲಿ ಇದೊಂದ್ ಬುಟ್ಟು ಎಲ್ಲಾ ಕಲ್ಸವ್ರೆ!”

ಗ್ಯಾಸ್ ಇಳಿಸಿ, ಮುಚ್ಚಳ ತೆಗೆದು ಅದರ ರಬ್ಬರನ್ನು ತಿರುಗಿಸಿ ಕೂರಿಸಿದೆ. ಮತ್ತೆ ಗ್ಯಾಸ್ ಬಿಟ್ಟು ನೊರೆ ಸುರಿದಾಗ ಒಂದು ಗುಳ್ಳೆಯೂ ಏಳಲಿಲ್ಲ.

ಬರ್ತ್‌ಡೇ ದಿನ ಕೆಗ್ಗಿನ ನಲ್ಲಿ ತಿರುಗಿಸಿದ್ದೇ ತಡ, ಬುಸ್ಸೆಂದು ನೊರೆ ಬಂತು. ಮೊದಲ ಗ್ಲಾಸನ್ನು ನಮ್ಮವರಿಗೂ ಕೊಡದೆ ಅತ್ತಿಗೆಗೆ ಕೊಟ್ಟೆ. ಅವರು ಕುಡಿದು, ಕಣ್ಣು ಮುಚ್ಚಿ ಜೋರಾಗಿ ಸೀನಿ, “ಈಗ ಬಂತು ನೋಡಮ್ಮಿ ನೆಗಡಿ!” ಎಂದು ಖಾಲಿ ಗ್ಲಾಸನ್ನು ಮತ್ತೆ ಚಾಚಿದರು.