ಅವ್ವನ ಟೋಕನ್ನು, ನನ್ನ ಡಿಬಗ್ಗರು

೨೦೦೩ನೇ ಇಸವಿ. ನಾನಾಗ ಅರಸೀಕೆರೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೆ. ನಮ್ಮದು ಹಳೇಬೀಡು. ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಜಾವಗಲ್ ಮೇಲೆ ಕಾಲೇಜಿಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದೆ. ಓದಿನಲ್ಲಿ ಚುರುಕು ಎಂಬ ಹೆಸರಿತ್ತು. ಹಟಮಾರಿ ಎಂಬ ಹೆಸರು ಅದಕ್ಕಿಂತ ಜೋರಾಗಿತ್ತು.

ಅಪ್ಪ ಮಾದಿಹಳ್ಳಿ ಕಡೆ ಗದ್ದೆ ಕೆಲಸಕ್ಕೆ ಹೋಗುತ್ತಿದ್ದರು. ಅವ್ವ ದೇವಸ್ಥಾನದ ಮುಂದೆ ಪ್ರವಾಸಿಗರ ಚಪ್ಪಲಿ ಕಾಯುತ್ತಿದ್ದಳು. ಈ ಸಂಗತಿ ಕಾಲೇಜಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ, ‘ಅಮ್ಮ ಟೂರಿಸ್ಟ್ ಕಡೆ ಕೆಲಸದಲ್ಲಿದ್ದಾರೆ’ ಎಂದು ದೊಡ್ಡದಾಗಿ ಹೇಳಿ ಮಾತು ತಿರುಗಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೊನೆಯ ವರ್ಷ ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ನಮ್ಮ ತರಗತಿಯ ಮುಕ್ಕಾಲು ಪಾಲು ಜನ ಲೈಬ್ರರಿಯಲ್ಲಿ ಪುಸ್ತಕ ಕೊಡುವ, ತೆಗೆದುಕೊಳ್ಳುವ ಪ್ರೋಗ್ರಾಮನ್ನೇ ಆರಿಸಿಕೊಂಡರು. ಅದು ಸಿದ್ಧಪಡಿಸಿದ ಸಿ.ಡಿ.ಯಲ್ಲೇ ಸಿಗುತ್ತಿತ್ತು, ಹೆಸರು ಬದಲಾಯಿಸಿದರೆ ಸಾಕು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುವಂತೆ ನಾನು ಮಾತ್ರ ಡಿಬಗ್ಗರ್ ಬರೆಯುತ್ತೇನೆ ಎಂದು ಹೊರಟೆ.

ಡಿಬಗ್ಗರ್ ಎಂದರೆ ಬೇರೊಂದು ಪ್ರೋಗ್ರಾಮಿನ ತಪ್ಪು ಹುಡುಕಲು ಅದರ ಬೆನ್ನ ಹಿಂದೆ ಕೂತು ನೋಡುವ ಪ್ರೋಗ್ರಾಮು. ಕಂಪ್ಯೂಟರಿನೊಳಗೆ ಯಾವ ಪ್ರೋಗ್ರಾಮೂ ತನ್ನಿಷ್ಟದಂತೆ ಫೈಲು ತೆರೆಯುವಂತಿಲ್ಲ, ಪರದೆಯ ಮೇಲೆ ಒಂದಕ್ಷರ ಬರೆಯುವಂತಿಲ್ಲ. ಎಲ್ಲಕ್ಕೂ ಆಪರೇಟಿಂಗ್ ಸಿಸ್ಟಮ್ಮಿನ ಬಾಗಿಲಿಗೆ ಹೋಗಿ ಕೇಳಬೇಕು. ಹಾಗೆ ಕೇಳುವುದಕ್ಕೆ ಸಿಸ್ಟಮ್ ಕಾಲ್ ಎನ್ನುತ್ತಾರೆ. ನನ್ನ ಡಿಬಗ್ಗರ್ ಆ ಬಾಗಿಲಲ್ಲೇ ಪ್ರೋಗ್ರಾಮನ್ನು ತಡೆದು ನಿಲ್ಲಿಸಬೇಕು. ಒಳಗೆ ಹೋಗುವಾಗ ಏನು ಕೇಳಲು ಹೊರಟೆ ಎಂದೂ, ಹೊರಗೆ ಬರುವಾಗ ಏನು ಸಿಕ್ಕಿತು ಎಂದೂ ಬರೆದು ತೋರಿಸಬೇಕು. ಮೊದಲ ಸಲ ನಿಂತರೆ ಒಳಗೆ, ಎರಡನೇ ಸಲ ನಿಂತರೆ ಹೊರಗೆ, ಮೂರನೇ ಸಲ ಮತ್ತೆ ಒಳಗೆ. ಇಷ್ಟೇ ನನ್ನ ಲೆಕ್ಕ. ಆರು ತಿಂಗಳು ಕೂತು ಬರೆದೆ.

ಸೋಮವಾರ ಹೊರಗಿನ ಪರೀಕ್ಷಕರು ಬರುವವರಿದ್ದರು. ಶನಿವಾರ ನಮ್ಮ ಗೈಡ್ ಬಸವರಾಜು ಮೇಷ್ಟ್ರು, ‘ಎಲ್ಲಿ, ಒಂದ್ಸಲ ಪರೀಕ್ಷೆ ಮಾಡೋಣ’ ಎಂದು ತಾವೇ ಒಂದು ಪುಟ್ಟ ಪ್ರೋಗ್ರಾಮ್ ಬರೆದು ಕೊಟ್ಟರು. ಅದರಲ್ಲಿ ಒಂದು ಸೆಕೆಂಡು ಕಳೆದ ಮೇಲೆ ಒಮ್ಮೆ ಹೊಡೆಯುವ ಅಲಾರಾಂ ಇತ್ತು. ಮೊದಲ ಹತ್ತು ಸಾಲು ಸರಿಯಾಗಿಯೇ ಬಂತು. ಆಮೇಲೆ ನನ್ನ ಡಿಬಗ್ಗರಿಗೆ ತಲೆ ಕೆಟ್ಟಿತು. ಒಳಗೆ ಹೋಗುವುದನ್ನು ಹೊರಗೆ ಬಂತು ಎಂದಿತು, ಹೊರಗೆ ಬಂದದ್ದನ್ನು ಒಳಗೆ ಹೊರಟಿತು ಎಂದಿತು. ಅಲ್ಲಿಂದ ಕೊನೆಯವರೆಗೆ ಎಲ್ಲ ಉಲ್ಟಾ.

ಮೇಷ್ಟ್ರು ಬೈಯಲಿಲ್ಲ. ‘ನೋಡಮ್ಮ ಮಂಜುಳಾ, ಬರೋರು ಬಹಳ ಕಟ್ಟುನಿಟ್ಟು. ಕೊಂಡು ತಂದ ಪ್ರಾಜೆಕ್ಟ್ ಅಂತ ಅನುಮಾನ ಬಂದ್ರೆ ಫೇಲ್ ಮಾಡ್ತಾರೆ. ಇದು ನೀನೇ ಬರೆದದ್ದು ಅಂತ ನಂಗೊತ್ತು. ಆದ್ರೆ ಅವರಿಗೆ ನೀನೇ ತೋರಿಸಬೇಕು’ ಎಂದರು. ಗೆಳತಿ ರೇಖಾ ಸಮಾಧಾನ ಮಾಡುತ್ತ, ‘ನನ್ ಹತ್ರ ಇನ್ನೊಂದು ಲೈಬ್ರರಿ ಸಿ.ಡಿ. ಇದೆ ಕಣೇ, ನಿನ್ನ ಹೆಸರು ಹಾಕ್ಕೊಂಡು ಕೊಟ್ಬಿಡು’ ಎಂದಳು. ಅವಳ ಮೇಲೆ ಸುಮ್ಮನೆ ರೇಗಿದೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಜಾವಗಲ್ ದಾಟುವವರೆಗೂ ಅತ್ತೆ. ಫೇಲಾದರೆ ಒಂದು ವರ್ಷ ಹಾಳು. ಇನ್ನೊಂದು ವರ್ಷ ಓದಿಸುವ ಮಾತು ನಮ್ಮ ಮನೆಯಲ್ಲಿ ಸಾಧ್ಯವಿರಲಿಲ್ಲ.

ಮರುದಿನ ಭಾನುವಾರ ಅವ್ವ ಹಗರೆಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೊರಟಳು. ಚಪ್ಪಲಿ ಕಾಯುವುದು ನನ್ನ ಪಾಲಿಗೆ ಬಂತು. ಅವ್ವನ ಬಳಿ ಒಂದು ಡಬ್ಬಿಯ ತುಂಬ ತಗಡಿನ ಟೋಕನ್ನುಗಳಿದ್ದವು. ಒಂದೇ ನಂಬರಿನವು ಎರಡೆರಡು. ಒಂದನ್ನು ಚಪ್ಪಲಿಗೆ ಸಿಕ್ಕಿಸಿ, ಇನ್ನೊಂದನ್ನು ಚಪ್ಪಲಿ ಬಿಟ್ಟವರ ಕೈಗೆ ಕೊಡುವುದು ಅವಳ ಪದ್ಧತಿ. ಹೊರಡುವಾಗ, ‘ಟೋಕನ್ ಕೊಡ್ದೆ ಯಾರ ಚಪ್ಲಿನೂ ಮುಟ್ಬ್ಯಾಡ’ ಎಂದು ಎರಡು ಸಲ ಹೇಳಿದ್ದಳು.

ನಾನು ಕೇಳುತ್ತೇನೆಯೇ? ಕಂಪ್ಯೂಟರ್ ಓದಿದವಳು! ಟೋಕನ್ ಸಿಕ್ಕಿಸುವುದು ಬರೀ ತಡ ಎಂದು ಡಬ್ಬಿ ಮುಚ್ಚಿಟ್ಟೆ. ತಂಗಿಯ ಹಳೆ ಸ್ಲೇಟು ತಂದೆ. ಒಬ್ಬರು ಒಳಗೆ ಹೋದರೆ ಒಂದು ಗೆರೆ ಎಳೆಯುವುದು, ಒಬ್ಬರು ಬಂದರೆ ಒಂದು ಗೆರೆ ಒರೆಸುವುದು. ತೊಡೆಯ ಮೇಲೆ ಡಿಬಗ್ಗರ್ ಬರೆಯಲೆಂದು ಮೇಷ್ಟ್ರು ಹಿಂದೆಯೇ ಕೊಟ್ಟಿದ್ದ ಕೈಪಿಡಿಯ ಝೆರಾಕ್ಸ್ ಹಾಳೆಗಳು. ಕಣ್ಣು ಹಾಳೆಯ ಮೇಲೆ, ಕೈ ಸ್ಲೇಟಿನ ಮೇಲೆ. ಎದುರಿಗೆ ಚಪ್ಪಲಿ ಮೆಟ್ಟಿದ ಕಾಲು ಬಂದು ನಿಂತರೆ ಮುಖ ಎತ್ತದೆ ಗೆರೆ ಎಳೆಯುತ್ತಿದ್ದೆ, ಬರಿಗಾಲು ಬಂದರೆ ಒರೆಸುತ್ತಿದ್ದೆ.

ಸಂಜೆ ದೇವಸ್ಥಾನ ಮುಚ್ಚುವ ಹೊತ್ತಿಗೆ ಚಪ್ಪಲಿ ಇಡುವ ಕಪಾಟು ಖಾಲಿಯಾಗಿತ್ತು. ಆದರೆ ಸ್ಲೇಟಿನ ಮೇಲೆ ಒಂದು ಗೆರೆ ಉಳಿದಿತ್ತು! ಅಂದರೆ ಒಬ್ಬರು ಇನ್ನೂ ಒಳಗಿದ್ದಾರೆ, ಅವರ ಚಪ್ಪಲಿಯನ್ನು ಯಾರೋ ಮೆಟ್ಟಿಕೊಂಡು ಹೋಗಿದ್ದಾರೆ. ಅಷ್ಟು ವರ್ಷಗಳಲ್ಲಿ ಅವ್ವನ ಕೈಯಲ್ಲಿ ಒಂದು ಜೊತೆ ಚಪ್ಪಲಿಯೂ ಕಳೆದಿರಲಿಲ್ಲ. ನಾನು ಒಂದೇ ದಿನದಲ್ಲಿ ಆ ಹೆಸರು ಮುಗಿಸಿದ್ದೆ.

ಕಾವಲಿನ ತಮ್ಮಯ್ಯಣ್ಣನ ಹತ್ತಿರ ಓಡಿದೆ. ಇಬ್ಬರೂ ದೇವಸ್ಥಾನದ ಜಗತಿಕಟ್ಟೆಯ ಸುತ್ತ ತಿರುಗಿದೆವು, ನಂದಿ ಮಂಟಪದ ಹಿಂದೆ ಇಣುಕಿದೆವು. ‘ಸಾರ್, ಒಳಗೆ ಯಾರಾದ್ರೂ ಇದೀರಾ ಸಾರ್? ಚಪ್ಪಲಿ ವಿಷ್ಯ ಮಾತಾಡೋಣ ಬನ್ನಿ ಸಾರ್’ ಎಂದು ನಾನು ಕೂಗಿದ್ದೇ ಕೂಗಿದ್ದು. ಕೊನೆಗೆ ಎದ್ದು ಬಂದದ್ದು ಒಂದು ನಾಯಿ. ‘ಇದ್ರದೇ ಇರ್ಬೇಕು ನೋಡವ್ವ, ಎಲ್ಡು ಜೊತೆ ಬೇಕಾಯ್ತದೆ’ ಎಂದ ತಮ್ಮಯ್ಯಣ್ಣ. ನನಗೆ ಅಳು ಬಂತು.

ಅಷ್ಟರಲ್ಲಿ ಅವ್ವ ಬಸ್ಸಿಳಿದು ಬಂದಳು. ಸ್ಲೇಟು ನೋಡಿದಳು, ನನ್ನ ಮುಖ ನೋಡಿದಳು, ಕಥೆಯನ್ನೆಲ್ಲ ಕೇಳಿದಳು.

‘ಮಾದಿಹಳ್ಳಿ ಬಸ್ಸು ಎಷ್ಟೊತ್ತಿಗೆ ಅಂತ ಯಾರಾನ ಕೇಳಿದ್ರಾ?’

‘ಹೂಂ. ಒಬ್ರು ಕೇಳಿದ್ರು.’

‘ಅವರಿಗೂ ಗೆರೆ ಎಳ್ದೇನೇ?’

ನಾನು ಸ್ಲೇಟಿನ ಮೇಲೆ ಉಳಿದಿದ್ದ ಗೆರೆಯನ್ನು ನೋಡಿದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ‘ಅಲ್ಲ ಕಣೇ, ನಿಂತೋರೆಲ್ಲ ಚಪ್ಲಿ ಬಿಡಾಕೇ ಬಂದೋರಾ? ಒಬ್ಬ ದಾರಿ ಕೇಳಾಕೆ ನಿಂತ್ಕತಾನೆ, ಒಬ್ಬ ಬೀಡಿ ಹಚ್ಚಾಕೆ ನಿಂತ್ಕತಾನೆ. ಯಾರು ಯಾತಕ್ಕೆ ನಿಂತ್ರು ಅಂತ ಗುರುತು ಸಿಗ್ಲಿ ಅಂತ್ಲೇ ಅಲ್ವಾ ಟೋಕನ್ನು ಮಡ್ಗಿರೋದು?’

ಆ ಕ್ಷಣ ನನ್ನ ತಲೆಯಲ್ಲಿ ದೀಪ ಹತ್ತಿತು. ನನ್ನ ಡಿಬಗ್ಗರ್ ಮಾಡುತ್ತಿದ್ದದ್ದೂ ಇದೇ ಎಡವಟ್ಟು! ಅಲಾರಾಂ ಹೊಡೆದಾಗಲೂ ಪ್ರೋಗ್ರಾಮು ಒಂದು ಕ್ಷಣ ನಿಲ್ಲುತ್ತದೆ. ಅದು ಬಾಗಿಲಿಗೆ ಬಂದು ನಿಂತದ್ದಲ್ಲ, ಬಸ್ಸಿನ ಹೊತ್ತು ಕೇಳಿ ಹೋಗುವವರ ಹಾಗೆ. ನಾನು ಅದಕ್ಕೂ ಗೆರೆ ಎಳೆದಿದ್ದೆ. ಅಲ್ಲಿಂದ ಮುಂದೆ ಒಳಗೆ, ಹೊರಗೆ ಅದಲುಬದಲು. ಝೆರಾಕ್ಸ್ ಹಾಳೆಗಳನ್ನು ಮತ್ತೆ ತಿರುವಿದೆ. ಬಾಗಿಲಲ್ಲಿ ನಿಂತಾಗ ಮಾತ್ರ ಒಂದು ಗುರುತು ಹಾಕಿ ಕೊಡು ಎಂದು ಸಿಸ್ಟಮ್ಮನ್ನೇ ಕೇಳಿಕೊಳ್ಳುವ ಸೌಲಭ್ಯ ಅದರಲ್ಲಿತ್ತು. ತಿಂಗಳ ಹಿಂದೆ ಓದಿ, ಇದು ನನಗೆ ಬೇಡ ಎಂದು ಬಿಟ್ಟಿದ್ದ ಸಾಲು. ಮನೆಯಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ನೋಟುಬುಕ್ಕಿನಲ್ಲೇ ಬದಲಾವಣೆಗಳನ್ನೆಲ್ಲ ಬರೆದಿಟ್ಟೆ.

ಸೋಮವಾರ ಅವ್ವನೂ ಜೊತೆಗೆ ಹೊರಟಳು. ಅರಸೀಕೆರೆಯಲ್ಲಿ ಕನ್ನಡಕ ಮಾಡಿಸುವುದಿತ್ತು. ಬಸ್ ಸ್ಟ್ಯಾಂಡಿನಲ್ಲೇ, ‘ನೀನು ಕಾಲೇಜಿಗೆ ಬರೋದೇನೂ ಬೇಡ’ ಎಂದು ಹೇಳಿ ಓಡಿದೆ. ಲ್ಯಾಬಿಗೆ ಹೋಗಿ ಚೀಲ ಬಿಚ್ಚಿದರೆ ನೋಟುಬುಕ್ಕಿಲ್ಲ! ಬಸ್ಸಿನಲ್ಲಿ ಓದುತ್ತ ಕೂತಿದ್ದವಳು ಅದನ್ನು ಅವ್ವನ ಬ್ಯಾಗಿನಲ್ಲಿ ತುರುಕಿಬಿಟ್ಟಿದ್ದೆ. ಹೊರಗೆ ಓಡಿ ಬರುವಷ್ಟರಲ್ಲಿ ಅವ್ವ ಅವರಿವರನ್ನು ಕೇಳಿಕೊಂಡು ಲ್ಯಾಬಿನ ಬಾಗಿಲಿಗೇ ಬಂದುಬಿಟ್ಟಿದ್ದಳು. ಸವೆದ ಸೀರೆ, ಬೆವರಿದ ಮುಖ, ಕೈಯಲ್ಲಿ ನನ್ನ ನೋಟುಬುಕ್ಕು. ಸುತ್ತ ತರಗತಿಯವರೆಲ್ಲ ನಿಂತಿದ್ದರು.

‘ಯಾರೇ ಅವ್ರು?’ ಎಂದಳು ರೇಖಾ.

‘ನಮ್ಮೂರವರು’ ಎಂದೆ.

ಅವ್ವನಿಗೆ ಕೇಳಿಸಿತು. ‘ಚೆನ್ನಾಗಿ ಬರಿ ಮಗಾ’ ಎಂದು ಹೇಳಿ ಪುಸ್ತಕ ಕೊಟ್ಟು ಕಂಬದ ಪಕ್ಕಕ್ಕೆ ಸರಿದಳು. ನಾನು ತಿರುಗಿ ನೋಡದೆ ಒಳಗೆ ಹೋದೆ.

ಬದಲಾವಣೆ ಸೇರಿಸಿ ಮುಗಿಸುವುದಕ್ಕೂ ಪರೀಕ್ಷಕರು ಬರುವುದಕ್ಕೂ ಸರಿಹೋಯಿತು. ನರೆತ ಕೂದಲಿನ, ನಗು ಕಾಣದ ಮುಖದವರು. ಅಲಾರಾಂ ಇದ್ದ ಪ್ರೋಗ್ರಾಮನ್ನೇ ಓಡಿಸಿದೆ. ಮೊದಲಿಂದ ಕೊನೆಯವರೆಗೆ ಒಂದು ಸಾಲೂ ತಪ್ಪಲಿಲ್ಲ. ಬಸವರಾಜು ಮೇಷ್ಟ್ರು ಹಿಂದಿನಿಂದ ‘ಅಬ್ಬ’ ಎಂದದ್ದು ನನಗೆ ಕೇಳಿಸಿತು.

ಪರೀಕ್ಷಕರು ಮಾತ್ರ ನನ್ನನ್ನೇ ನೋಡುತ್ತಿದ್ದರು. ‘ಇಷ್ಟು ಚೆನ್ನಾಗಿ ಡಿಪ್ಲೊಮಾದವರು ಬರೆಯೋದು ನಾನು ನೋಡಿಲ್ಲ. ಎಲ್ಲಿಂದ ತಂದದ್ದು? ನಿಜ ಹೇಳಿ.’

‘ನಾನೇ ಬರೆದದ್ದು ಸಾರ್.’

‘ಹಾಗಾದ್ರೆ ಈ ಗುರುತಿನ ಸಾಲು ಯಾಕೆ ಬೇಕು? ಪುಸ್ತಕದ ಮಾತು ಬೇಡ. ನಿಮ್ಮ ಮಾತಲ್ಲಿ ಹೇಳಿ.’

ನನ್ನ ಮಾತಿನಲ್ಲಿ ಹೇಳುವುದಕ್ಕೆ ನನಗೆ ಗೊತ್ತಿದ್ದದ್ದು ಒಂದೇ ದಾರಿ. ಪಕ್ಕದಲ್ಲಿ ರೇಖಾ ಇದ್ದಳು, ಹಿಂದೆ ಅರ್ಧ ತರಗತಿ ಸರದಿಗೆ ಕಾಯುತ್ತ ಕೂತಿತ್ತು. ಒಮ್ಮೆ ಅವರ ಕಡೆ ತಿರುಗಿ ನೋಡಿದೆ. ಆಮೇಲೆ, ‘ಸಾರ್, ನಮ್ಮವ್ವ ಹಳೇಬೀಡು ದೇವಸ್ಥಾನದ ಮುಂದೆ ಚಪ್ಪಲಿ ಕಾಯ್ತಾರೆ’ ಎಂದು ಶುರುಮಾಡಿದೆ. ಸ್ಲೇಟು, ಗೆರೆ, ಮಾದಿಹಳ್ಳಿ ಬಸ್ಸು, ಕೊನೆಗೆ ಆ ನಾಯಿಯನ್ನೂ ಬಿಡದೆ ಹೇಳಿದೆ. ತರಗತಿಯವರು ನಕ್ಕರು. ಆದರೆ ನಾನು ಹೆದರಿದ್ದ ನಗು ಅದಾಗಿರಲಿಲ್ಲ.

ಪರೀಕ್ಷಕರು ಕೀಲಿಮಣೆ ತಮ್ಮ ಕಡೆಗೆ ಎಳೆದುಕೊಂಡು ತಾವೇ ಒಂದು ಪ್ರೋಗ್ರಾಮ್ ಬರೆದರು. ಅದು ಓಡುತ್ತಲೇ ತನ್ನೊಳಗಿಂದ ಇನ್ನೊಂದು ಮರಿ ಪ್ರೋಗ್ರಾಮನ್ನು ಹುಟ್ಟಿಸುವಂಥದ್ದು. ನನ್ನ ಡಿಬಗ್ಗರ್ ತಾಯಿಯನ್ನು ಸರಿಯಾಗಿ ಹಿಡಿಯಿತು. ಮರಿ ಏನೇನು ಕೇಳಿತೋ ಒಂದೂ ಅದರ ಕಣ್ಣಿಗೆ ಬೀಳಲಿಲ್ಲ.

‘ಇದ್ಯಾಕೆ ಹೀಗೆ?’

‘ಕಂಕುಳಲ್ಲಿ ಹೋದ ಕೂಸು ಸಾರ್’ ಎಂದೆ. ‘ಚಪ್ಪಲಿ ಬಿಡಲ್ಲ, ಟೋಕನ್ ತಗೊಳ್ಳಲ್ಲ. ಒಳಗೆ ಹೋದ ಮೇಲೆ ಇಳಿದು ಓಡಾಡುತ್ತೆ. ಅದನ್ನ ಹಿಡಿಯೋದು ನಂಗಿನ್ನೂ ಬರಲ್ಲ.’

ಅವರು ಮೊದಲ ಸಲ ನಕ್ಕರು. ‘ಇದನ್ನ ಕೊಂಡು ತಂದಿಲ್ಲ ಬಿಡಿ’ ಎಂದು ಮೇಷ್ಟ್ರ ಕಡೆ ತಿರುಗಿ ಹೇಳಿ, ಹಾಳೆಯ ಮೇಲೆ ಏನೋ ಬರೆದು ಎದ್ದರು.

ಆಗಿನ ಕಾಲದಲ್ಲಿ ಧೂಳು ಬಿದ್ದರೆ ಯಂತ್ರ ಕೆಡುತ್ತದೆಂದು ಲ್ಯಾಬಿನ ಹೊರಗೇ ಚಪ್ಪಲಿ ಬಿಡಬೇಕಿತ್ತು. ಬಾಗಿಲಲ್ಲಿ ಯಾವಾಗಲೂ ಒಂದರ ಮೇಲೊಂದು ಬಿದ್ದ ಚಪ್ಪಲಿಗಳ ರಾಶಿ. ಅಂದು ಹೊರಗೆ ಬಂದು ನೋಡಿದರೆ ರಾಶಿಯೇ ಇಲ್ಲ. ಅಷ್ಟೂ ಚಪ್ಪಲಿಗಳು ಜೊತೆ ಜೊತೆಯಾಗಿ, ಗೋಡೆಯುದ್ದಕ್ಕೂ ಸಾಲಾಗಿ ಕೂತಿದ್ದವು. ಪರೀಕ್ಷಕರ ಬೂಟು ಮೆಟ್ಟಿಕೊಳ್ಳಲು ಅನುಕೂಲವಾಗುವಂತೆ ಮುಂದಿನ ಸಾಲಿನಲ್ಲಿತ್ತು. ಕಂಬದ ಪಕ್ಕ ಅವ್ವ ಕೂತಿದ್ದಳು. ಕನ್ನಡಕದ ಅಂಗಡಿಗೆ ಹೋಗಿರಲಿಲ್ಲ.

ಪರೀಕ್ಷಕರು ಬೂಟು ನೋಡಿದರು, ಸಾಲು ನೋಡಿದರು, ನನ್ನ ಕಡೆ ನೋಡಿದರು.

‘ಸಾರ್, ಇವರೇ ನಮ್ಮವ್ವ’ ಎಂದೆ. ರೇಖಾಳಿಗೂ ಕೇಳಿಸುವಂತೆ ಗಟ್ಟಿಯಾಗಿಯೇ ಹೇಳಿದೆ.

ಅವರು ಅವ್ವನಿಗೆ ಕೈಮುಗಿದರು. ‘ಅಮ್ಮ, ನಿಮ್ಮ ಮಗಳು ಪಾಸು. ಅರ್ಧ ಪಾಠ ನೀವೇ ಮಾಡಿದೀರಂತೆ. ನನ್ನ ಬೂಟು ಇದೇ ಅಂತ ಟೋಕನ್ ಇಲ್ದೆ ಹೇಗೆ ಗೊತ್ತಾಯ್ತು?’

ಅವ್ವ ಗಾಬರಿಯಿಂದ ಎದ್ದು ಸೆರಗು ಸರಿಮಾಡಿಕೊಂಡಳು. ‘ಅದ್ಕೇನು ಸ್ವಾಮಿ, ಇಲ್ಲಿರೋದು ಒಂದೇ ಜೊತೆ ಬೂಟು. ಉಳ್ದೋವೆಲ್ಲ ನಮ್ ಹುಡುಗ್ರ ಹವಾಯಿ ಚಪ್ಲಿ’ ಎಂದಳು. ಎಲ್ಲರೂ ನಕ್ಕರು. ರೇಖಾ ಓಡಿಹೋಗಿ ಅವ್ವನಿಗೆ ನೀರು ತಂದುಕೊಟ್ಟಳು.

ಸಂಜೆ ಕನ್ನಡಕದ ಅಂಗಡಿಗೆ ಹೋಗಿ ಬಂದು ಬಸ್ಸಿನಲ್ಲಿ ಕೂತ ಮೇಲೆ, ‘ಅವ್ವಾ, ಬೆಳಿಗ್ಗೆ ನಾನು ನಮ್ಮೂರವರು ಅಂದುಬಿಟ್ಟೆ’ ಎಂದೆ.

ಅವ್ವ ಹೊಸ ಕನ್ನಡಕದ ಚೀಟಿಯನ್ನು ಮಡಿಚುತ್ತ, ‘ಸುಳ್ಳೇನ್ ಅಂದೆ? ನಿಮ್ಮೂರೋಳೇ ಅಲ್ವಾ ನಾನು?’ ಎಂದು ನನ್ನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.

ಇಷ್ಟು ವರ್ಷಗಳಾದವು. ಈಗ ಬೇಲೂರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತೇನೆ. ಕಂಕುಳ ಕೂಸನ್ನು ಹಿಡಿಯುವುದನ್ನೂ ಆಮೇಲೆ ಕಲಿತೆ. ಅವ್ವನ ಒಂದು ಜೊತೆ ತಗಡಿನ ಟೋಕನ್ನು ನನ್ನ ಮೇಜಿನ ಖಾನೆಯಲ್ಲಿದೆ, ಪಾಠಕ್ಕೆ ಬೇಕಾಗುತ್ತದೆ. ಅಂದು ಎಷ್ಟು ಅಂಕ ಬಂತೋ ಮರೆತುಹೋಗಿದೆ. ಆದರೆ ಕಂಬದ ಪಕ್ಕಕ್ಕೆ ಸರಿದ ಅವ್ವನ ಮುಖವನ್ನು ಮರೆಯಲು ಇವತ್ತಿಗೂ ಆಗಿಲ್ಲ. ಅವಳು ಒಮ್ಮೊಮ್ಮೆ ಬಸ್ಸು ಹತ್ತಿ ನನ್ನ ಶಾಲೆಗೆ ಬರುತ್ತಾಳೆ. ದೂರದಲ್ಲಿ ಅವಳನ್ನು ಕಂಡ ಕೂಡಲೇ, ಯಾರೂ ಕೇಳುವ ಮೊದಲೇ, ‘ಅಲ್ಲಿ ಬರ್ತಿದಾರಲ್ಲ, ಅವರು ನಮ್ಮವ್ವ’ ಎಂದು ಹೇಳಿಬಿಡುತ್ತೇನೆ.