ಯಮನಪ್ಪ ಲಾರಿ ನೋಡಿ ಬಂದದ್ದು

ಮುಗದ ಹಳ್ಳಿಯ ಯಮನಪ್ಪನಿಗೆ ಹೇಸಿಕೆ ಬರದ ವಸ್ತು ಈ ಭೂಮಿಯ ಮೇಲೆ ಇತ್ತೋ ಇಲ್ಲವೋ ಹೇಳುವುದು ಕಷ್ಟ. ಚಹಾ ಕಂಡರೆ ಥೂ. ಚಹಾ ಕುಡಿಯುವವರನ್ನು ಕಂಡರೆ ಇನ್ನೊಂದು ಥೂ. ಆದರೆ ಅವನ ಎಲ್ಲಕ್ಕಿಂತ ದೊಡ್ಡ ಥೂ ಮೀಸಲಿದ್ದದ್ದು ದನದ ದಲಾಲರಿಗೆ. ಎತ್ತಿಗೆ ವಯಸ್ಸಾದ ಹಾಗೆ ಕೊಂಬಿನ ಬುಡದಲ್ಲಿ ಉಂಗುರ ಮೂಡುತ್ತವಲ್ಲ, ಅವನ್ನು ಗಾಜಿನ ಚೂರಿನಿಂದ ಹೆರೆದು, ಎಣ್ಣೆ ತಿಕ್ಕಿ, ಮುದಿ ಎತ್ತನ್ನು ಹರೆಯದ್ದೆಂದು ಮಾರುವ ಜಾತಿ ಅದು. ಧಾರವಾಡದ ದನದ ಸಂತೆಯಲ್ಲಿ ಯಮನಪ್ಪ ಕೊಂಬಿನ ಮೇಲೆ ಹೆಬ್ಬೆರಳು ಎಳೆದು "ಹೆರದೀರಿ" ಎಂದರೆ ಮುಗಿಯಿತು, ದಲಾಲ ಎತ್ತು ಹಿಡಿದುಕೊಂಡು ಬೇರೆ ಮೂಲೆಗೆ ಹೋಗಬೇಕು. ಸುತ್ತಲಿನ ಹಳ್ಳಿಯವರು ಎತ್ತು ಕೊಳ್ಳುವಾಗ ಅವನನ್ನು ಮುಂದಿಟ್ಟುಕೊಂಡೇ ಹೋಗುತ್ತಿದ್ದರು. ಅದಕ್ಕೆ ಅವನು ಎಲೆಯಡಿಕೆ ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ.

ಅವನ ಹೊಟ್ಟೆ ಹೊರೆಯುತ್ತಿದ್ದದ್ದು ಗಾಡಿ. ಕುಂಬಾರರ ಗಡಿಗೆ, ರೈತರ ಅಕ್ಕಿ ಹೇರಿಕೊಂಡು ಧಾರವಾಡಕ್ಕೆ ಹೋಗಿ ಬರುವುದು. ದೊಡ್ಡ ಯುದ್ಧ ಮುಗಿದ ವರ್ಷ ಅವನ ಬಲಗಡೆಯ ಮುದಿ ಎತ್ತು ಮಾಳ್ಯಾನ ಮುಂಗಾಲಿನ ಹೆಗಲು ಕೆಟ್ಟಿತು. ನಡೆಯುತ್ತಿದ್ದರೆ ಏನೂ ತಿಳಿಯದು. ಮಲಗಿ ಎದ್ದರೆ ಮಾತ್ರ ಆ ಕಾಲು ನೆಲಕ್ಕೆ ಹತ್ತದು. ಅದೇ ಹೊತ್ತಿಗೆ ಲಕಮನಹಳ್ಳಿಯ ನೀಲಪ್ಪ ಹೇಳಿ ಕಳಿಸಿದ: ಮಿಲಿಟರಿ ಹರಾಜಿನಲ್ಲಿ ಹಳೇ ಲಾರಿಯೊಂದನ್ನು ಹಿಡಿದಿದ್ದೇನೆ, ಎತ್ತು, ಗಾಡಿ, ಮೇಲೆ ಒಂದು ಬಂಗಾರದ ಸರ ಕೊಟ್ಟರೆ ನಿನ್ನದೇ. ಲಾರಿಯ ಮೂತಿಗೆ ಅಗಲವಾದ ಕಬ್ಬಿಣದ ಹಲಗೆ ಬೇರೆ ಇದೆ, ಮಳೆಗಾಲದಲ್ಲಿ ರಸ್ತೆಯ ರಾಡಿ ಬಳಿಯುವ ಗುತ್ತಿಗೆಯೂ ನಿನಗೇ ಸಿಕ್ಕೀತು.

ನೀಲಪ್ಪ ಮೊದಲು ದನದ ದಲಾಲನಾಗಿದ್ದವನು. ಆದರೂ ಯಮನಪ್ಪನ ಮನಸ್ಸು ಹೊಯ್ದಾಡಿತು. ಊರಿನ ಹುಸೇನಬಾಷಾ ಫೌಜಿನಲ್ಲಿ ಆರು ವರ್ಷ ಲಾರಿ ನಡೆಸಿ ಬಂದು ಕೆಲಸವಿಲ್ಲದೆ ಕುಳಿತಿದ್ದ. ಅವನನ್ನು ಕೇಳಿದರೆ, "ಕಾಕಾ, ಅದು ಬರ್ಫ ಬಳಿಯೋ ಹಲಗಿ. ಪಹಾಡದ ಕಡೆ ದಾರಿ ಮ್ಯಾಲ ಹಿಮ ಆಳೆತ್ತರ ಬೀಳತೈತಿ. ನಮ್ಮ ಎರಿಮಣ್ಣಿನ ರಾಡಿಗೆ ಏನಾಕ್ಕೈತೋ ಗೊತ್ತಿಲ್ಲ. ಇಂಜಿನ್ ಛಲೋ ಇದ್ದರ ಉಳಿದದ್ದು ನಾ ನೋಡಕೋತೇನಿ" ಎಂದ.

"ಹೊಲ ಹರಗೂ ಕುಂಟಿ ಎತ್ತಿನ ಹಿಂದ ಇರತೈತಿ. ಹಲಗಿ ಮೂತಿಗೆ ಕಟ್ಟಿದಾಂವನ ತಲಿ ಎಲ್ಲಿತ್ತೋ, ಥೂ!" ಎಂದ ಯಮನಪ್ಪ. ಅಂದರೆ ಹೋಗಿ ನೋಡಿ ಬರುವುದೆಂದು ಅರ್ಥ. ಹೆಂಡತಿ ಸಾವಕ್ಕ ಕೊರಳಿನ ಬಂಗಾರದ ಬೋರಮಾಳ ಬಿಚ್ಚಿ ಅವನ ಕೈಯಲ್ಲಿಟ್ಟಳು. "ಎತ್ತೂ ಹೋಗಿ, ಇದೂ ಹೋಗಿ, ಅದು ನಡೀಲಿಲ್ಲಂದ್ರ ಏನ ತಿನ್ನೂದ?" ಎಂದಳು ಅಷ್ಟೇ.

ಈಗ ಹೇಳಬೇಕಾದ ಮಾತು ಹೇಳಲು ನನಗೂ ಹೇಸಿಕೆ. ನಸುಕಿನಲ್ಲಿ ಯಮನಪ್ಪ ಕೊಟ್ಟಿಗೆಗೆ ಹೋಗಿ ಮಾಳ್ಯಾನ ಕೊಂಬನ್ನು ಗಾಜಿನ ಚೂರಿನಿಂದ ಹೆರೆದ. ನುಣ್ಣಗೆ ಎಣ್ಣೆ ತಿಕ್ಕಿದ. ಗಾಡಿ ಕಟ್ಟಿ ಹುಸೇನಬಾಷಾನನ್ನು ಕೂರಿಸಿಕೊಂಡವನು ದಾರಿಯಲ್ಲಿ ಎಲ್ಲಿಯೂ ನಿಲ್ಲಿಸಲಿಲ್ಲ. ಧಾರವಾಡದ ಕೆರೆಯ ಹತ್ತಿರ ಹುಸೇನಬಾಷಾ, "ಕಾಕಾ, ನೀರರೆ ಕುಡಸೂಣು" ಎಂದರೆ, "ಅವಕ್ಕ ನೀರಡಿಕಿ ಇಲ್ಲ" ಎಂದು ಬಾರುಕೋಲು ಬೀಸಿದ. ಮಾಳ್ಯಾನ ಬಾಯಿಂದ ನೊರೆ ಇಳಿಯುತ್ತಿತ್ತು. ಕಾಕಾ ಹೇಳಿದ್ದನ್ನು ಹುಸೇನಬಾಷಾ ನಂಬಿದ.

ಲಕಮನಹಳ್ಳಿಯ ಬಯಲಿನಲ್ಲಿ ಲಾರಿ ಹಸಿರು ಬಣ್ಣ ಬಳಿದುಕೊಂಡು ನಿಂತಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನೀಲಪ್ಪ ಹ್ಯಾಂಡಲ್ ಒಮ್ಮೆ ತಿರುವಿದ್ದೇ ತಡ, ಇಂಜಿನ್ ಗುರ್ ಎಂದಿತು. "ಹೆಂಗೈತಿ ಯಮನಪ್ಪಣ್ಣಾ!" ಹುಸೇನಬಾಷಾ ಇಂಜಿನ್ ನಿಲ್ಲಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟವನು ಚಟ್ಟನೆ ತೆಗೆದ.

"ಸುಡಾಕತ್ತೈತಿ ಕಾಕಾ. ನಾವು ಬರೂಕಿಂತ ಮೊದಲ ಭಾಳೊತ್ತು ನಡಸ್ಯಾರ. ತಣ್ಣಗಿದ್ದಾಗ ಇದು ಏಳೂದಿಲ್ಲ."

ಯಮನಪ್ಪನ ಮೈಯೆಲ್ಲ ಉರಿದುಹೋಯಿತು. "ಥೂ ನಿನ್ನ! ದಲಾಲಿ ಬಿಟ್ಟರೂ ಬುದ್ಧಿ ಬಿಡಲಿಲ್ಲಲೋ! ತಾಸೊತ್ತು ಆರಲಿ. ಆಮ್ಯಾಲ ತಿರುವು, ನೋಡೂಣು."

ನೀಲಪ್ಪ ಸಿಟ್ಟಾಗಲಿಲ್ಲ. ಎತ್ತುಗಳತ್ತ ಒಮ್ಮೆ ನೋಡಿದ, ಮಾಳ್ಯಾನ ಬಾಯಿಯ ನೊರೆ ನೋಡಿದ. "ಆಗಲೇಳಣ್ಣಾ. ಹಂಗಾರ ನಿನ್ನ ಎತ್ತೂ ಬಿಚ್ಚು. ಅವೂ ತಾಸೊತ್ತು ಅಡ್ಡಾಗಲಿ."

ಯಮನಪ್ಪ ನೊಗಕ್ಕೆ ಕೈ ಹಾಕಲಿಲ್ಲ. ಹುಸೇನಬಾಷಾ ತಾನೇ ಹೋಗಿ ನೊಗ ಬಿಚ್ಚಿ, ಬಕೆಟ್ಟಿನಲ್ಲಿ ನೀರು ತಂದಿಟ್ಟ. ಮಾಳ್ಯಾ ಒಂದೇ ಉಸಿರಿಗೆ ಕುಡಿದು ಧೊಪ್ಪನೆ ಮಲಗಿತು. ಮೂವರೂ ಬೇವಿನ ಗಿಡದ ಕೆಳಗೆ ಕುಳಿತರು.

ತಾಸಾದ ಮೇಲೆ ಹುಸೇನಬಾಷಾ ಹ್ಯಾಂಡಲ್ ತಿರುವಿದ. ಹತ್ತು ಸಲ, ಇಪ್ಪತ್ತು ಸಲ. ಹ್ಯಾಂಡಲ್ ತಿರುಗಿ ಬಂದು ಅವನ ಮಣಿಕಟ್ಟಿಗೆ ಬಡಿಯಿತೇ ಹೊರತು ಲಾರಿ ಕೆಮ್ಮಲೂ ಇಲ್ಲ. ಆಮೇಲೆ ಎತ್ತನ್ನು ಎಬ್ಬಿಸಿದರು. ಮೂರನೆಯ ಸಲಕ್ಕೆ ಮಾಳ್ಯಾ ಎದ್ದಿತು. ಮುಂಗಾಲು ಗಾಳಿಯಲ್ಲಿ ನಡುಗುತ್ತಿತ್ತು.

ಹುಸೇನಬಾಷಾ ಬಾತುಕೊಂಡ ಮಣಿಕಟ್ಟು ಹಿಡಿದುಕೊಂಡೇ ಕೊಂಬಿನ ಮೇಲೆ ಹೆಬ್ಬೆರಳು ಎಳೆದ. ಹಾಗೆ ಎಳೆದು ನೋಡುವುದನ್ನು ಅವನಿಗೆ ಚಿಕ್ಕಂದಿನಲ್ಲಿ ಕಲಿಸಿದವನು ಯಮನಪ್ಪನೇ. "ಕಾಕಾ," ಎಂದು ಕೈ ತೆಗೆದ.

ನೀಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರಿಗೆ ಸರಿ ಆತಲ್ಲೋ ಯಪ್ಪಾ! ಬೋರಮಾಳ ಬ್ಯಾಡ, ಬರೇ ಎತ್ತು-ಗಾಡಿ ಕೊಡು, ಲಾರಿ ಒಯ್ಯಿ. ಈ ಎತ್ತನ್ನ ನಾ ಯಾರಿಗರೆ ಹಚ್ಚತೇನಿ, ಲಾರಿ ನೀ ಯಾರಿಗರೆ ಹಚ್ಚು. ನಾವಿಬ್ಬರೂ ಒಂದ ಕಸಬಿನವರು."

ಆ ಮಾತಿಗೆ ಯಮನಪ್ಪ ಥೂ ಎನ್ನಲು ಹೋದ. ಉಗುಳೋಣವೆಂದರೆ ಬಾಯಿ ಒಣಗಿತ್ತು. ಯಾರ ಮೇಲೆ ಉಗುಳಬೇಕೆಂಬುದೂ ತಿಳಿಯಲಿಲ್ಲ. "ಲಾರಿ ಬ್ಯಾಡ" ಎಂದು ಎದ್ದ. ಮಾಳ್ಯಾನ ಜಾಗದಲ್ಲಿ ನೊಗಕ್ಕೆ ತನ್ನ ಹೆಗಲು ಕೊಟ್ಟು, ಜನ ನೋಡಿ ನಗುವಂತೆ, ಧಾರವಾಡದ ತನಕ ಖಾಲಿ ಗಾಡಿ ಎಳೆದ. ಅಲ್ಲಿ ಗುರುತಿನವರ ಅಂಗಳದಲ್ಲಿ ಗಾಡಿ ಬಿಟ್ಟು, ಎತ್ತುಗಳನ್ನು ಮೆಲ್ಲಗೆ ನಡೆಸಿಕೊಂಡು ಮರುದಿನ ಊರು ಮುಟ್ಟಿದರು. ದಾರಿಯುದ್ದಕ್ಕೂ ಹುಸೇನಬಾಷಾ ಮಾಳ್ಯಾನ ಹಗ್ಗ ಹಿಡಿದು ಕಾಕಾನಿಂದ ಹತ್ತು ಮಾರು ಹಿಂದೆ ನಡೆದ.

ಸಾವಕ್ಕ ಬೋರಮಾಳ ತಿರುಗಿ ಕಟ್ಟಿಕೊಳ್ಳುತ್ತ, "ಲಾರಿಗೆ ಏನಾಗಿತ್ತರಿ?" ಎಂದು ಕೇಳಿದಳು.

"ನಮ್ಮ ಎತ್ತಿಗೆ ಏನಾಗೈತಿ, ಅದಕ್ಕೂ ಅದ ಆಗಿತ್ತು" ಎಂದು ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮುಂದಿನ ವಾರ ಗರಗದಿಂದ ಇಬ್ಬರು ರೈತರು ಬಂದರು, ಎಂದಿನಂತೆ ಎಲೆಯಡಿಕೆ ತಂದಿದ್ದರು. "ಸಂತಿಗೆ ಹೊಂಟೇವ್ರಿ. ಎತ್ತು ನೋಡಾಕ ನೀವ ಬರಬೇಕ ನೋಡ್ರಿ." ಯಮನಪ್ಪ ಅವರನ್ನು ಕೊಟ್ಟಿಗೆಗೆ ಕರೆದೊಯ್ದ. ಹಿರಿಯವನ ಕೈ ಹಿಡಿದು ಹೆಬ್ಬೆರಳನ್ನು ಮಾಳ್ಯಾನ ಕೊಂಬಿನ ಮೇಲೆ ಇಟ್ಟ.

"ಹೆರದ ಕೊಂಬು ಹಿಂಗಿರತೈತಿ. ಕಲತಕೋರಿ, ಇನ್ನ ಮ್ಯಾಲ ನೀವ ನೋಡಕೋಬೇಕು. ಇದನ್ನ ಹೆರದಾಂವ ನಾನ."

ಅವರು ಕೊಂಬನ್ನು ನೋಡಿದರು, ಅವನನ್ನು ನೋಡಿದರು. ಎಲೆಯಡಿಕೆಯನ್ನು ತಿರುಗಿ ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದರು.